ಬಾಗಿಲಕ್ಕನ ಕೈ

ಮುರಿದು ಬಿದ್ದಿದ್ದ ಕಲ್ಲಿನ ಕೈಯನ್ನು ಮೇಜಿನ ಮೇಲೆ ಮಗುಚಿದಾಗ ಒಳಗಿಂದ ಒಂದು ಹಿಡಿ ತುಕ್ಕು ಉದುರಿತು. ಅಂಟಕ್ಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು. ವಸ್ತುಸಂಗ್ರಹಾಲಯದಲ್ಲಿ ಒಡೆದ ಮೂರ್ತಿಗಳನ್ನು ಅಂಟಿಸಿ ಜೋಡಿಸುವುದೇ ಅವಳ ಕೆಲಸವಾದ್ದರಿಂದ ಎಲ್ಲರ ಬಾಯಲ್ಲಿ ಅವಳು ಅಂಟಕ್ಕ. ಈ ಕೈಯನ್ನು ಕೂರಿಸಿದವಳೂ ಅವಳೇ. ಇಪ್ಪತ್ತು ವರ್ಷದ ಹಿಂದೆ, ಸಭಾಂಗಣದ ಉದ್ಘಾಟನೆಯ ಗಡಿಬಿಡಿಯಲ್ಲಿ, ತುಕ್ಕು ಹಿಡಿಯದ ಉಕ್ಕಿನ ಸರಳು ಬರುವತನಕ ಯಾರು ಕಾಯುತ್ತಾರೆಂದು ಮಾಮೂಲಿ ಕಬ್ಬಿಣವನ್ನೇ ತುರುಕಿದ್ದಳು. ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡವಳು ಮರೆತೇಬಿಟ್ಟಳು. ಕಬ್ಬಿಣ ತುಕ್ಕು ಹಿಡಿದು, ಉಬ್ಬಿ, ಕಲ್ಲನ್ನು ಒಳಗಿಂದಲೇ ಸೀಳಿತ್ತು.

ಸಾವಿರ ವರ್ಷದ ಹಿಂದೆ ಯಾವುದೋ ಗುಡಿಯ ಬಾಗಿಲು ಕಾದಿದ್ದ ಇಬ್ಬರು ಕಲ್ಲಿನ ಹೆಂಗಸರು ಈಗ ಇಲ್ಲಿನ ಸಭಾಂಗಣದ ಬಾಗಿಲಿಗೆ ನಿಂತಿದ್ದರು. ಸಿಬ್ಬಂದಿ ಅವರನ್ನು ಬಾಗಿಲಕ್ಕಂದಿರು ಎನ್ನುತ್ತಿದ್ದರು. "ನಮ್ಮ ವಾಚ್‌ಮನ್‌ಗಿಂತ ವಾಸಿ, ನಿದ್ದೆ ಹೊಡೆಯಲ್ಲ" ಎಂದು ನೆಲ ಒರೆಸುವ ಚುರುಕಿ ನಗಿಸುತ್ತಿದ್ದಳು. ಮೊನ್ನೆ ಎಡಗಡೆಯವಳ ಕೈ, ಹಿಡಿದ ಗದೆಯ ಸಮೇತ, ಪೀಠ ಒರೆಸುತ್ತಿದ್ದ ಆ ಚುರುಕಿಯ ಬಲಗೈ ಮೇಲೆಯೇ ಬಿತ್ತು. ಮೂರು ಬೆರಳು ಹೋದವು.

"ಒರೆಸೋ ಕೋಲು ತಗುಲಿ ಬಿತ್ತು ಅಂತ ವರದಿ ಕೊಡಿ," ಎಂದರು ಮೇಲಧಿಕಾರಿ, ಬರೆದಿಟ್ಟಿದ್ದ ಕಾಗದವನ್ನು ಮುಂದೆ ಚಾಚುತ್ತ. "ಅವಳೂ ಒಪ್ಪಿದ್ದಾಳೆ. ಕೆಲಸದಿಂದ ತೆಗೆದರೆ ಅಲ್ಲಿಗೆ ಮುಗೀತು."

ಅಂಟಕ್ಕ ಸಹಿ ಹಾಕದೆ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದಳು.

ಅವಳನ್ನು ಕಂಡದ್ದೇ ಚುರುಕಿ ಎದ್ದು ಕೂರಲು ಒದ್ದಾಡಿದಳು. "ತಪ್ಪಾಯ್ತು ಅಕ್ಕಾ. ನೀವು ಮಾಡಿದ್ದನ್ನೆಲ್ಲ ಹಾಳು ಮಾಡಿಬಿಟ್ಟೆ. ಕೋಲು ತಗುಲಿದ್ದು ನೆನಪಿಲ್ಲ, ಆದ್ರೆ ತಗುಲಿರ್ಲೇಬೇಕು ಅಲ್ವಾ? ಕಲ್ಲು ಸುಮ್‌ಸುಮ್ನೆ ಬೀಳುತ್ತಾ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದು ನಾಲಗೆಯ ತುದಿಗೆ ಬಂದದ್ದೂ ನಿಜ. ಆದರೆ ಬಟ್ಟೆ ಸುತ್ತಿದ ಆ ಮೊಂಡು ಕೈಯನ್ನು ನೋಡಿ ಅಂಟಕ್ಕ ನಾಚಿಕೆಯಿಂದ ಕುಗ್ಗಿಹೋದಳು.

"ನಿನ್ನ ತಪ್ಪಲ್ಲ ಕಣೇ. ಒಳಗೆ ನಾನು ಹಾಕಿದ್ದ ಕಬ್ಬಿಣ ತುಕ್ಕು ಹಿಡಿದಿತ್ತು. ಹಾಕಬಾರದು ಅಂತ ಗೊತ್ತಿದ್ದೂ ಹಾಕಿದ್ದೆ. ಹಾಗಂತಲೇ ಬರೆದುಕೊಡ್ತೀನಿ."

ಚುರುಕಿ ಮತ್ತೆ ದಿಂಬಿಗೆ ಒರಗಿ ಸೂರು ನೋಡಿದಳು.

"ನನ್ನ ಮಗಳು ಕೂಸಾಗಿದ್ದಾಗ ಆ ಬಾಗಿಲಕ್ಕನ ಕಾಲಬುಡದಲ್ಲೇ ಮಲಗಿಸಿ ಒರೆಸೋಕೆ ಹೋಗ್ತಿದ್ದೆ," ಎಂದಳು. "ಬಾಗಿಲಕ್ಕ ನೋಡ್ಕೋತಾಳೆ, ನೀನು ಹೋಗು ಅಂತಿದ್ರಿ ನೀವು."

ಅಂಟಕ್ಕ ಜಾರಿದ್ದ ಹೊದಿಕೆಯನ್ನು ಸರಿಮಾಡಲು ಬಗ್ಗಿದಳು.

"ಬಿಡಿ," ಎಂದಳು ಚುರುಕಿ. ಎಡಗೈಯಿಂದಲೇ, ಅಭ್ಯಾಸವಿಲ್ಲದೆ ತಡವರಿಸುತ್ತ, ಹೊದಿಕೆಯನ್ನು ಚೂರುಚೂರೇ ಮೇಲಕ್ಕೆ ಎಳೆದುಕೊಂಡಳು.