ಮೊದಲ ಬೆಂಕಿಯ ಖರ್ಚು

ಮೂಗೂರಿನ ಮಲ್ಲಯ್ಯನ ಆಲೆಮನೆ ನಿಂತು ಎರಡು ವರ್ಷವಾಗಿತ್ತು. ಊರಿನ ಕಬ್ಬೆಲ್ಲ ಲಾರಿ ಹತ್ತಿ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಗಾಣಕ್ಕೆ ಕೊಡಲು ಏನೂ ಉಳಿಯಲಿಲ್ಲ. ಗಾಣ, ಕೊಪ್ಪರಿಗೆ, ಕೊನೆಗೆ ಆಲೆಮನೆ ನಿಂತಿದ್ದ ಜಾಗವನ್ನೂ ಮಾರಿ ಬಂದ ಹಣವನ್ನು ಮಲ್ಲಯ್ಯ ತಿ. ನರಸೀಪುರದ ಬ್ಯಾಂಕಿನಲ್ಲಿಟ್ಟಿದ್ದ. ಅದೊಂದು ಕೈತಪ್ಪಿದರೆ ಅಪ್ಪ ಮಗಳಿಬ್ಬರೂ ಕೂಲಿಗೆ ಹೋಗಬೇಕಾಗಿತ್ತು.

ಮಗಳು ರುದ್ರಾಣಿಗೆ ಇಪ್ಪತ್ತು ದಾಟಿತ್ತು. ಎಂಟನೇ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡಳು. ಮನೆ ನೋಡಿಕೊಳ್ಳುವವರು ಬೇಕಾಗಿತ್ತು, ಸ್ಕೂಲು ಅಲ್ಲಿಗೇ ನಿಂತಿತು. ಮಾತು ಕಡಿಮೆ. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತು, ಬಂದವರ ಚಪ್ಪಲಿ ಸವೆದಿದೆಯೋ ಇಲ್ಲವೋ ಎಂಬುದರಿಂದ ಹಿಡಿದು ಅವರು ಯಾವ ಮಾತಿಗೆ ಕಣ್ಣು ತಪ್ಪಿಸಿದರು ಎಂಬುದರವರೆಗೆ ನೋಡಿಕೊಳ್ಳುತ್ತಿದ್ದಳು. ನೋಡಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿ, ಯುಗಾದಿ ಕಳೆದ ಮೇಲೆ ಅವಳ ಸೋದರಮಾವ ಶಿವಸ್ವಾಮಿ ಬಂದ. ಚಿಕ್ಕಂದಿನಲ್ಲಿ ಅಕ್ಕನ ಮನೆಯಲ್ಲೇ ಬೆಳೆದು, ಅದೇ ಆಲೆಮನೆಯಲ್ಲಿ ಬಿಸಿ ಬೆಲ್ಲ ತಿಂದವನು. ಮೈಸೂರಿನಲ್ಲಿ ಡಿಪ್ಲೊಮಾ ಓದಿ, ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದ. ಮೆಗ್ನೀಸಿಯಮ್ಮಿಗೆ ಬೇರೆ ಲೋಹ ಬೆರೆಸಿ ಕರಗಿಸಿ ಗಟ್ಟಿ ಮಾಡಿ ಮಾರುವ ಕೆಲಸ.

“ಅದೇನ್ಲಾ ಅದು, ತಿನ್ನೋದಾ?” ಎಂದ ಮಲ್ಲಯ್ಯ.

“ಅಲ್ಲ ಭಾವ. ಸ್ಕೂಟರಿನ ಭಾಗ ಮಾಡೋರು ಕೊಂಡ್ಕೋತಾರೆ. ಅಲ್ಯೂಮಿನಿಯಮ್ಮಿಗಿಂತ ಹಗುರ.”

“ತಿನ್ನೋದಾಗಿದ್ರೆ ಯಾಪಾರ ಬಿದ್ದೋದ್ರೂ ಮನೇಲಿಟ್ಕಂಡು ತಿನ್ಬೋದಿತ್ತು.”

ಶಿವಸ್ವಾಮಿ ನಕ್ಕ. “ಸಾಲ ಕೇಳೋಕೆ ಬಂದಿಲ್ಲ ಭಾವ. ಪಾಲಿಗೆ ಕರೀತಿದೀನಿ. ಇನ್ನೊಂದು ಒಲೆ ಹಾಕಬೇಕು. ಎಲ್ಲ ಖರ್ಚು ಕಳೆದು ಕೆ.ಜಿ.ಗೆ ಎಂಟು ರೂಪಾಯಿ ಉಳೀತದೆ.” ಆಮೇಲೆ ಬಾಗಿಲ ಕಡೆ ತಿರುಗಿ, “ರುದ್ರಿ, ಎರಡನೇ ಒಲೆ ಬಂದರೆ ತೂಕದ ಹತ್ತಿರ ನಂಬಿಕೆಯವರು ಬೇಕು. ನೀನೇ ಬಾ. ಸಂಬಳ ಕೊಡ್ತೀನಿ” ಎಂದ.

ರುದ್ರಾಣಿ ತಲೆ ತಗ್ಗಿಸಿ ಒಳಗೆ ಹೋದಳು. ಆದರೆ ಆ ಮಾತು ಅವಳ ಹಿಂದೆಯೇ ಅಡಿಗೆಮನೆಗೆ ಬಂತು, ನೀರು ಸೇದಲು ಹೋದರೆ ಅಲ್ಲಿಗೂ ಬಂತು. ಬೆಳಿಗ್ಗೆ ಎದ್ದು ಬಸ್ಸಿಗೆ ಹೋಗುವುದು, ತನ್ನದೇ ಒಂದು ಕುರ್ಚಿ, ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು. ಬೇಕು ಎಂದು ಯಾರ ಹತ್ತಿರವೂ ಹೇಳಲಿಲ್ಲ. ಬೇಕಾಗಿತ್ತು.

ಆಲೆಮನೆ ಗುತ್ತಿಗೆ ಹಿಡಿಯುವವನು ಬಾಯಿಲೆಕ್ಕ ನಂಬಬಾರದು, ಒಂದು ಕೊಪ್ಪರಿಗೆ ಇಳಿಯುವ ತನಕ ಒಲೆಯ ಪಕ್ಕದಲ್ಲಿ ಕೂತಿರಬೇಕು ಎಂಬುದು ಆ ಕಡೆಯ ಹಿರಿಯರ ಮಾತು. ಮಲ್ಲಯ್ಯ ಅದನ್ನು ಬಿಡುವವನಲ್ಲ. “ನಿನ್ ಒಲೆ ತೋರ್ಸು, ಆಮೇಲೆ ಮಾತು” ಎಂದ. ಮುಂದಿನ ವಾರ ಅಪ್ಪ ಮಗಳಿಬ್ಬರೂ ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಬಿಸಿಲೇರುವ ಹೊತ್ತಿಗೆ ಶೆಡ್ಡಿನ ಮುಂದೆ ಇಳಿದರು.

ಒಲೆ ನೋಡಿಕೊಳ್ಳುವ ರಾಚಯ್ಯ ಹುಲ್ಲಹಳ್ಳಿ ಕಡೆಯವನು. ಬಾಗಿಲಲ್ಲೇ ಮಲ್ಲಯ್ಯನ ಕೈಯಲ್ಲಿದ್ದ ನೀರಿನ ಬಾಟಲಿ ಇಸಕೊಂಡ.

“ನೀರು ಒಳಿಕ್ಕೆ ಬರಂಗಿಲ್ಲ ಸಾ. ಕರಗಿದ್ದರ ಮೇಲೆ ಬಿತ್ತು ಅಂದ್ರೆ ಇದು ಸಿಡಿತದೆ. ನಾವೆಲ್ಲ ಬಸ್ ಚಾರ್ಜಿಲ್ದೆ ಮೈಸೂರ್ ಸೇರ್ಕತೀವಿ.”

“ನಮ್ ಬೆಲ್ಲವೇ ವಾಸಿ ಕಣಪ್ಪ. ಕೈ ಸುಡ್ತಿತ್ತು, ಊರ್ ಬಿಡುಸ್ತಿರ್ಲಿಲ್ಲ” ಎಂದ ಮಲ್ಲಯ್ಯ.

ಒಳಗೆ ಒಲೆ ಆಗಲೇ ಕೆಂಪಗೆ ಉರಿಯುತ್ತಿತ್ತು. ಅದರಲ್ಲಿ ಕೂರಿಸಿದ್ದ ಉಕ್ಕಿನ ಪಾತ್ರೆಗೆ ಬೆಳ್ಳಗಿನ ಗಟ್ಟಿಗಳನ್ನು ಇಳಿಬಿಟ್ಟರು. ಹೊತ್ತಿಕೊಳ್ಳದಿರಲೆಂದು ರಾಚಯ್ಯ ಮೇಲೆ ಬಿಳಿ ಪುಡಿ ಉದುರಿಸುತ್ತಿದ್ದ. ಮಲ್ಲಯ್ಯ ಕುರ್ಚಿ ಬೇಡವೆಂದು ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ನೋಡಿದ. ಲೋಹದ ಗಟ್ಟಿ ಹಾಕುವ ಮೊದಲು ಡೀಸೆಲ್ ಟ್ಯಾಂಕಿಗೆ ತಾನೇ ಕಡ್ಡಿ ಅದ್ದಿ ಗುರುತು ಮಾಡಿಕೊಂಡಿದ್ದ. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದಾದ ಮೇಲೆ ಮತ್ತೆ ಅದ್ದಿ ನೋಡಿದ. ಹೋದ ಲೋಹ, ಬಂದ ಲೋಹ, ಮೇಲೆ ತೆಗೆದು ಎಸೆದ ಕಿಟ್ಟ, ಪುಡಿ, ಡೀಸೆಲ್, ಕೂಲಿ, ಶೆಡ್ಡಿನ ಬಾಡಿಗೆ, ಎಲ್ಲವನ್ನೂ ಬೆರಳ ಮೇಲೆ ಎಣಿಸಿದ. ಶಿವಸ್ವಾಮಿ ಹೇಳಿದ ಎಂಟು ರೂಪಾಯಿ ಸರಿಯಾಗಿ ಬಂತು.

“ಲೆಕ್ಕ ನೆಟ್ಟಗದೆ” ಎಂದ ಮಲ್ಲಯ್ಯ. ಅವನ ಮುಖ ಎರಡು ವರ್ಷದಿಂದ ಅಷ್ಟು ಅರಳಿರಲಿಲ್ಲ.

ರುದ್ರಾಣಿಗೂ ಲೆಕ್ಕದಲ್ಲಿ ಏನೂ ಊನ ಕಾಣಲಿಲ್ಲ. ಕೈ ತೊಳೆಯಲು ಶೆಡ್ಡಿನ ಹಿಂದಿನ ನಲ್ಲಿಗೆ ಹೋದಳು. ಅಲ್ಲಿ ರಾಚಯ್ಯ ಖಾಲಿ ಡೀಸೆಲ್ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದು ಗೋಡೆಗೆ ನಿಲ್ಲಿಸುತ್ತಿದ್ದ. ಪಕ್ಕದಲ್ಲಿ ಅಂಥವೇ ಇನ್ನೂ ನಿಂತಿದ್ದವು. ಅಪ್ಪ ಅಳೆದ ಟ್ಯಾಂಕು ಮುಂದುಗಡೆ ಇತ್ತಲ್ಲ, ಹಾಗಾದರೆ ಇವು?

ಕೇಳಬೇಕೋ ಬೇಡವೋ ಎಂದು ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡಳು. “ಇದು... ಯಾವುದಕ್ಕೆ?”

“ಬೆಳಿಗ್ಗೆ ಒಲೆ ಅಚ್ಚೋಕೆ ಕಣವ್ವ. ರಾತ್ರಿಯೆಲ್ಲ ತಣ್ಣಗಾಗಿರ್ತದಲ್ಲ. ಕೋಳಿ ಕೂಗಕ್ಕೆ ಮುಂಚೆ ಬಂದು ಅಚ್ಚಿದ್ರೆ, ನೀವ್ ಬರೋ ಒತ್ಗೆ ಕೆಂಪಾಯ್ತದೆ. ಈ ಒಲೆ ಬೆಳಿಗ್ಗೆ ಕುಡಿಯೋದೇ ಜಾಸ್ತಿ. ನಮ್ ಮಾವ ರಾತ್ರಿ ಕುಡೀತಾನೆ, ಇದು ಬೆಳಿಗ್ಗೆ.”

ಅವಳಿಗೆ ನಗು ಬರಲಿಲ್ಲ. ಮನೆಯ ಪದ್ಧತಿ ನೆನಪಾಯಿತು. ಅವರ ಆಲೆಮನೆಯಲ್ಲಿ ಒಲೆ ಹಚ್ಚಿದ ಮೇಲಿನ ಮೊದಲ ಕೊಪ್ಪರಿಗೆ ಲೆಕ್ಕಕ್ಕಿರಲಿಲ್ಲ. ತಣ್ಣನೆಯ ಒಲೆ ಕಾಯಲು ಹೊರೆಗಟ್ಟಲೆ ರಚ್ಚು ಬೇಕಾಗುತ್ತಿತ್ತು. ಕಬ್ಬು ಹಿಂಡಿ ಉಳಿದ ಸಿಪ್ಪೆ ತಾನೇ, ಅದಕ್ಕೆ ಬೆಲೆಯೆಲ್ಲಿ? ಆ ಮೊದಲ ಬೆಲ್ಲವೂ ಬಾಗಿಲಿಗೆ ಬಂದವರ ಕೈಗೆ ಹೋಗುತ್ತಿತ್ತು, ಶಿವನ ಪಾಲೆಂದು. ಗುಣಿಸುವುದೇನಿದ್ದರೂ ಎರಡನೆಯದರಿಂದ. ಅಪ್ಪ ಹಾಗೇ ಬೆಳೆದವನು, ಶಿವಸ್ವಾಮಿ ಮಾವನೂ ಅಲ್ಲೇ ಬೆಳೆದವನು. ಇಬ್ಬರೂ ಕಾದ ಒಲೆಯಿಂದಲೇ ಲೆಕ್ಕ ಶುರು ಮಾಡಿದ್ದರು. ಇಲ್ಲಿ ಸುಡುವುದು ರಚ್ಚಲ್ಲ, ಬಂಕಿನಿಂದ ತಂದ ಡೀಸೆಲ್.

ಹೇಳಿದರೆ ಅಪ್ಪ ಹಿಂದೆ ಸರಿಯುತ್ತಾನೆ. ಆಗ ತೂಕದ ಕೆಲಸವೂ ಇಲ್ಲ, ಬಸ್ಸೂ ಇಲ್ಲ. ಹೇಳದಿದ್ದರೆ? ಅವಳು ನಲ್ಲಿ ಹಾಗೇ ಬಿಟ್ಟು ನಿಂತಿದ್ದಳು. ರಾಚಯ್ಯನೇ ಬಂದು ತಿರುಗಿಸಿದ.

ಒಳಗೆ ಆಫೀಸಿನ ಕೋಣೆಯಲ್ಲಿ ಶಿವಸ್ವಾಮಿ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು ಕಾಯುತ್ತಿದ್ದ. ವೀಳ್ಯ ತೆಗೆದುಕೊಂಡರೆ ಮುಗಿಯಿತು. ಮಲ್ಲಯ್ಯ ಕೊಟ್ಟ ಮಾತು ತಿರುಗಿಸಿದವನಲ್ಲ. ಅವನು ಕೈ ಚಾಚಿದ.

“ಅಪ್ಪ, ಮೊದಲ್ನೆ ಕೊಪ್ಪರಿಗೆ ಲೆಕ್ಕಕ್ಕೆ ಬಂದಿಲ್ಲ.”

ಇಬ್ಬರೂ ಬಾಗಿಲಲ್ಲಿ ನಿಂತಿದ್ದ ರುದ್ರಾಣಿಯ ಕಡೆ ತಿರುಗಿದರು. ಮಲ್ಲಯ್ಯನ ಕೈ ತಟ್ಟೆಯ ಮೇಲೇ ನಿಂತಿತು. “ಅದ್ಯಾವತ್ತು ಬಂದಿತ್ತು ಮಗ?”

“ನಮ್ಮನೇಲಿ ರಚ್ಚಿತ್ತು. ಇಲ್ಲಿ ಡೀಸೆಲ್. ಬೆಳಗಿನ ಬೆಂಕಿದು ಬೇರೆ ಡ್ರಮ್ಮಿದೆ, ಇಂದುಗಡೆ.”

ಶಿವಸ್ವಾಮಿ ಕ್ಯಾಲ್ಕುಲೇಟರ್ ಎಳೆದುಕೊಂಡು ಒತ್ತತೊಡಗಿದ. ಒತ್ತಿದ್ದನ್ನು ಅಳಿಸಿ ಇನ್ನೊಂದು ಸಲ ಒತ್ತಿದ.

“ಟೀ ಕಾಫಿ ಜೊತೆ ಅದನ್ನ ಚಿಲ್ಲರೆ ಖರ್ಚಿಗೆ ತಳ್ಳಿಬಿಟ್ಟಿದ್ದೆ ಭಾವ. ನಿಮಗೆ ಮುಚ್ಚಿಡಬೇಕು ಅಂತಲ್ಲ. ಇವಳು ಹೇಳೋ ತನಕ ಅದು ಕೆ.ಜಿ. ಲೆಕ್ಕಕ್ಕೆ ಸೇರಬೇಕು ಅಂತಲೇ ಹೊಳೀಲಿಲ್ಲ.” ಕ್ಯಾಲ್ಕುಲೇಟರನ್ನು ಮುಂದೆ ತಳ್ಳಿದ. “ಎಂಟಲ್ಲ. ಒಂದೂವರೆ.”

“ಒಂದೂವರೆಗೆ ಇನ್ನೊಂದೊಲೆ ಹಾಕಿದ್ರೆ?”

“ಬೆಳಿಗ್ಗೆ ಎರಡು ಒಲೆ ಕಾಯಿಸಬೇಕು ಅಷ್ಟೆ.”

ಮಲ್ಲಯ್ಯ ಕೈ ಹಿಂದಕ್ಕೆ ತೆಗೆದುಕೊಂಡ. ರುದ್ರಾಣಿ ನೆಲ ನೋಡುತ್ತಿದ್ದಳು. ಮುಗಿಯಿತು, ಇನ್ನು ಊರಿಗೆ ಹೋಗುವುದಷ್ಟೆ ಎಂದುಕೊಂಡಳು. ಆದರೆ ಮಲ್ಲಯ್ಯ ಏಳಲಿಲ್ಲ. ಒಲೆಯ ಕಡೆ ನೋಡುತ್ತ ಕೇಳಿದ: “ಇದ್ನ ದಿನಾ ಯಾಕ್ಲಾ ಆರುಸ್ತೀಯ? ಸುಗ್ಗೀಲಿ ನಮ್ಮೊಲೆ ವಾರಗಟ್ಟಲೆ ಆರ್ದೆ ಉರೀತಿರ್ಲಿಲ್ವಾ?”

“ರಾತ್ರಿ ಪಾಳಿಗೆ ಜನ ಇಲ್ಲ ಭಾವ. ಅಷ್ಟು ಆರ್ಡರೂ ಇಲ್ಲ.”

“ದಿನಾ ಕರಗುಸು ಅಂದೋರ್ಯಾರು? ವಾರದ ಆರ್ಡರ್ ಕೂಡಾಕ್ಕೊ. ಅಚ್ಚುದ್ ಮೇಲೆ ಮುಗಿಯೋಗಂಟ ಆರುಸ್ಬೇಡ.”

ಶಿವಸ್ವಾಮಿ ಬಾಗಿಲಿಗೆ ಬಂದು ನಿಂತಿದ್ದ ರಾಚಯ್ಯನ ಕಡೆ ನೋಡಿದ. “ರಾಚಯ್ಯ, ರಾತ್ರಿ ಇರ್ತೀಯಾ?”

“ರಾತ್ರಿ ಕೂಲಿ ಕೊಟ್ರೆ ನಮ್ ಮಾವನ್ನೂ ಕರ್ಕಬತ್ತೀನಿ ಸಾ. ಕುಡಿಯೋದಾದ್ರೂ ತಪ್ತದೆ.”

“ಅವನು ಬೇಡ. ಬೇರೆ ಯಾರನ್ನಾದರೂ ಕರ್ಕೊಂಡು ಬಾ.”

ಮುಂದಿನ ಸೋಮವಾರ ಅಪ್ಪ ಮಗಳು ಮತ್ತೆ ಬಂದು ಶಿವಸ್ವಾಮಿಯ ಮನೆಯಲ್ಲೇ ಉಳಿದರು. ಈ ಸಲ ಕಡ್ಡಿ ರುದ್ರಾಣಿಯ ಕೈಯಲ್ಲಿತ್ತು. ಮಾರನೆಯ ಬೆಳಗಿನ ಜಾವ ತಣ್ಣನೆಯ ಒಲೆಗೆ ರಾಚಯ್ಯ ಬೆಂಕಿ ಇಡುವ ಮೊದಲೇ ಅವಳು ಡ್ರಮ್ಮಿಗೂ ಅದ್ದಿದಳು, ಟ್ಯಾಂಕಿಗೂ ಅದ್ದಿದಳು. ಗುರುವಾರ ಮಧ್ಯಾಹ್ನದವರೆಗೆ ಒಲೆ ಆರಲಿಲ್ಲ. ಕೊನೆಯ ಗಟ್ಟಿ ತೂಗಿ, ರಾತ್ರಿಯ ಕೂಲಿಯನ್ನೂ ಮೊದಲ ಬೆಂಕಿಯನ್ನೂ ಸೇರಿಸಿ, ಶಿವಸ್ವಾಮಿ ಲೆಕ್ಕ ಹಾಕಿದ. ಕೆ.ಜಿ.ಗೆ ಐದು ರೂಪಾಯಿಯ ಮೇಲೆ ಸ್ವಲ್ಪ.

“ಎಂಟಿಲ್ಲ” ಎಂದ ಅವನು, ತಪ್ಪು ಮಾಡಿದವನಂತೆ.

“ಆ ಎಂಟು ಸುಳ್ಳು ಕಣ್ಲಾ. ಈ ಐದು ನಿಜ” ಎಂದ ಮಲ್ಲಯ್ಯ. “ನನ್ ದುಡ್ನಲ್ಲಿ ಅರ್ಧ ಈಗ. ಮಿಕ್ಕಿದ್ದು ಇಂಗೇ ಮೂರ್ ತಿಂಗ್ಳು ನಡೆದ್ರೆ. ಎರಡನೇ ಒಲೆ ಆಗ ಹಾಕುವೆಯಂತೆ.”

“ಆಯ್ತು ಭಾವ. ಆದರೆ ತೂಕಕ್ಕೆ, ಅಳತೆಗೆ ಇವಳು ಈಗಲೇ ಬೇಕು ನನಗೆ.”

ಮಲ್ಲಯ್ಯ ಮಗಳ ಮುಖ ನೋಡಿದ. ತಲೆ ಕೆರೆದುಕೊಂಡ. “ಮೂಗೂರೆಲ್ಲಿ, ನಂಜನಗೂಡೆಲ್ಲಿ. ಬೆಳಿಗ್ಗೆ ಬಸ್ ಅದೋ ಇಲ್ವೋ.”

“ಆರೂಕಾಲಿಗದೆ ಅಪ್ಪ. ನರಸೀಪುರದಲ್ಲಿ ಇಳಿದ್ರೆ ನಂಜನಗೂಡಿಂದು ನಿಂತಿರ್ತದೆ.”

“ನಿಂಗ್ಯಾರ್ ಯೋಳುದ್ರು?”

“ಕಂಡಕ್ಟ್ರನ್ನ ಕೇಳ್ದೆ.”

“ನೀನು? ಬಾಯಿ ಬಿಟ್ಟು?”

“ಊಂ.”

“ಯಾವತ್ತು?”

“ಸೋಮಾರ. ಬರೋವಾಗ” ಎಂದಳು ರುದ್ರಾಣಿ, ಕಡ್ಡಿಗೆ ಹತ್ತಿದ್ದ ಡೀಸೆಲನ್ನು ಬಟ್ಟೆಯಿಂದ ಒರೆಸುತ್ತ.