ಬರೀ ವಾರ್ನಿಂಗು

ಟಕ್ — ಮತ್ತೆ ಅದೇ ಸದ್ದು, ಎಂಟರ್ ಗುಂಡಿಯ ಮೇಲೆ ತಮ್ಮನ ಹೆಬ್ಬೆರಳು, ಓದುವ ಮೊದಲೇ ಒತ್ತುವ ಹೆಬ್ಬೆರಳು, ಕಂಪ್ಯೂಟರು ಅವಳದು, ಮೇಜು ಅವಳದು, ಕುರ್ಚಿಯೂ ಅವಳದೇ, ಆದರೆ ಕಣ್ಣಿಲ್ಲದ ಅಕ್ಕ ಗೋಡೆಗೊರಗಿ ನಿಂತಿರಬೇಕು, ಅವನು ಕುಳಿತು ಉಪಕಾರ ಮಾಡಬೇಕು, ನಿನ್ನ ಕಂಪ್ಯೂಟರ್ ನಡೆಸೋ ಈ ಲಿನಕ್ಸ್ ಹಳೇದಾಗಿದೆ ಅಕ್ಕ, ಹೊಸದು ಹಾಕ್ಬಿಡ್ತೀನಿ — ಕೇಳಿದವರಾರು? ಪರದೆಯ ಸಾಲುಗಳನ್ನು ಗೊಣಗ ಓದುತ್ತಿದ್ದಾನೆ, ಗೊಣಗನೆಂದರೆ ಈ ಯಂತ್ರದ ಓದುಧ್ವನಿ, ಅವಳೇ ಇಟ್ಟ ಹೆಸರು, ಮೂಗಿನಲ್ಲಿ ಮಾತನಾಡುತ್ತ ಕೋರ್ಟಿನ ತೀರ್ಪುಗಳನ್ನೆಲ್ಲ ಅವಳಿಗೆ ಓದಿ ಹೇಳಿದವನು, ಅವನಿಂದಲ್ಲವೇ ಅವಳ ಅನುವಾದದ ಕೆಲಸ, ಅನುವಾದದಿಂದಲ್ಲವೇ ಈ ಮನೆ — ಎಚ್ಚರಿಕೆ, ಒಂದು ಪ್ಯಾಕೇಜನ್ನು ತಡೆಹಿಡಿಯಲಾಗಿದೆ, ಎಚ್ಚರಿಕೆ — ಒತ್ತೋ ಮೊದಲು ಪೂರ್ತಿ ಓದೋ, ಅದಕ್ಕೆ ಬೀಗ ಹಾಕಿ ತಡೆದಿಟ್ಟಿದ್ದು ನಾನೇ, ಆ ಪ್ರೋಗ್ರಾಮು ಹೊಸದಕ್ಕೆ ಹೊಂದಲ್ಲ ಅಂತ. ಅಯ್ಯೋ, ಬರೀ ವಾರ್ನಿಂಗು ಕಣಕ್ಕ, ಎರರ್ ಅಲ್ಲ, ಬೀಗ ಬಿಚ್ಚಿದ್ರೆ ಅದೂ ಹೋಗುತ್ತೆ, ನೀನ್ಯಾಕೆ ತಲೆ ಕೆಡಿಸ್ಕೋತೀಯ — ಕೆಡಿಸಿಕೊಳ್ಳಲು ತಲೆಯೆಂಬುದೊಂದು ಇರಬೇಕಲ್ಲ, ಅದಕ್ಕೇ ನಿನಗೆ ಇಷ್ಟು ನೆಮ್ಮದಿ! ಟಕ್, ಬೀಗ ಬಿಚ್ಚಿದ. ಹಿಂದೆ ಹೋಟೆಲಿನಲ್ಲೂ ಹೀಗೇ, ಮಾಣಿ, ಇವರಿಗೇನು ಬೇಕಂತೆ ಸಾರ್ ಎಂದು ಇವನನ್ನೇ ಕೇಳುತ್ತಿದ್ದ, ಇವನು ನಾಚಿಕೆಯಿಲ್ಲದೆ ಹೇಳಿಯೂ ಬಿಡುತ್ತಿದ್ದ, ಮತ್ತೆ ಆ ಗ್ರಂಥಪಾಲಕ, ನಗುವಾಗ ಕೆಮ್ಮುತ್ತಿದ್ದವನು, ನಿಮ್ಮಕ್ಕನ್ನ ಮದುವೆ ವಿಷಯ ಕೇಳೋಣ ಅಂತ ಬಂದೆ ಎಂದು ಬಾಗಿಲವರೆಗೂ ಬಂದಿದ್ದ, ಒಳಗೆ ಅವಳು ಮಡಿಸುತ್ತಿದ್ದ ಸೀರೆಯನ್ನು ಎದೆಗವುಚಿಕೊಂಡು ಕೇಳುತ್ತಲೇ ಇದ್ದಳು, ಅಕ್ಕಂಗೆ ಅದೆಲ್ಲ ಇಷ್ಟ ಇಲ್ಲ ಸಾರ್, ಎಂದವನು ಇವನೇ, ಆಮೇಲೆ ಚಿಲಕ, ಟಕ್ — ನಿನ್ನ ಒಳ್ಳೇದಕ್ಕೇ ಅಕ್ಕ, ಯಾವಾಗಲೂ ಅವಳ ಒಳ್ಳೆಯದಕ್ಕೇ, ಸುಡಲಿ ಆ ಒಳ್ಳೆಯದು! ಕೆಳಗಿನವುಗಳನ್ನು ತೆಗೆದುಹಾಕಲಾಗುವುದು, ಗೊಣಗ ಓದುತ್ತಿದ್ದಾನೆ, ಅದೇ ಮೂಗಿನ ದನಿ, ಒಂದಿಷ್ಟೂ ಏರಿಳಿತವಿಲ್ಲ, ಯಾವುದೋ ಹೆಸರು, ಇನ್ನಾವುದೋ ಹೆಸರು, ಓದುಧ್ವನಿ — ನಿಲ್ಲಿಸೋ, ಗೊಣಗ ತನ್ನ ಹೆಸರನ್ನೇ ಓದ್ತಿದಾನೆ, ಅವನು ಹೋದ್ರೆ ನಾಳೆ ನಾನು ತೀರ್ಪಿನ ಅನುವಾದ ಹೇಗೆ ಕಳಿಸ್ಲಿ, ಕೈ ತೆಗಿ, ಕೈ ತೆಗಿ ಅಂದೆ — ಮುಂದುವರಿಯಬೇಕೇ, ಹೌದು ಅಥವಾ ಇ — ಟಕ್. ಫ್ಯಾನಿನ ಗಾಳಿ, ಬೀದಿಯಲ್ಲೊಂದು ಸೈಕಲ್ಲಿನ ಗಂಟೆ, ಕುರ್ಚಿಯ ಕಿರುಗುಟ್ಟು. ಆಯ್ತಕ್ಕ, ನೋಡು, ಈಗ ಒಂದೂ ವಾರ್ನಿಂಗ್ ಇಲ್ಲ — ನೋಡಬೇಕಂತೆ, ಅವಳು ನೋಡಬೇಕಂತೆ! ಅವನ ತೋಳನ್ನು ತಳ್ಳಿದಳು, ತಡವರಿಸದೆ ಬೆರಳು ತಾನಾಗಿ ಗುಂಡಿಯನ್ನು ಮುಟ್ಟಿತು, ಅವನ ಹೆಬ್ಬೆರಳಿನ ಬಿಸಿ ಇನ್ನೂ ಆರಿರಲಿಲ್ಲ, ಒತ್ತಿದಳು, ಮಾತಾಡೋ ಗೊಣಗ, ಒತ್ತಿದಳು, ಒಂದಕ್ಷರ ಮಾತಾಡೋ, ಟಕ್, ಟಕ್, ಬಾಗಿಲಾಚೆ ಯಾರೋ ನಗುತ್ತ ಕೆಮ್ಮಿದಂತೆ, ಟಕ್