ಹಂಸಿನಿಯ ಪೊರೆ

ಮಡಿಕೇರಿಯ ಅರ್ಚಕ ಅನಂತಕೃಷ್ಣರ ಮಗಳು ಹಂಸಿನಿ ಮೀನು ತಿಂದವಳಲ್ಲ. ಆದರೂ ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಆರು ವರ್ಷ ಅವಳು ದುಡಿದದ್ದು ಜನ ತಿನ್ನುವ ಕಡಲ ಚಿಪ್ಪುಜೀವಿಗಳಲ್ಲಿರುವ ವಿಷ ಹಿಡಿಯುವುದಕ್ಕೆ. ಸಮುದ್ರದ ಕೆಲವು ಪಾಚಿಗಳಲ್ಲಿ ವಿಷವಿರುತ್ತದೆ. ಅವನ್ನು ತಿಂದ ಚಿಪ್ಪಿನ ಮಾಂಸದಲ್ಲಿ ಅದು ಉಳಿದುಬಿಡುತ್ತದೆ. ವಾಸನೆಯಿಲ್ಲ, ರುಚಿ ಕೆಡುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಹಂಸಿನಿ ಮಾಡಿದ್ದು ಉಗುರಿನಗಲದ ಒಂದು ತೆಳು ಪೊರೆ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಮಾಂಸ ಅರೆದು ಸೋಸಿದ ರಸದಲ್ಲಿ ಅದ್ದಿದರೆ, ಎಷ್ಟೇ ಕಡಿಮೆ ವಿಷವಿದ್ದರೂ ಆ ರಂಧ್ರಗಳು ಹಿಡಿದಿಟ್ಟುಕೊಳ್ಳುತ್ತಿದ್ದವು. ಅಂಗೈಯಲ್ಲಿ ಹಿಡಿಯುವ ಯಂತ್ರವೊಂದು ಅದನ್ನು ಅಳೆದು ಹೇಳುತ್ತಿತ್ತು.

ಆ ಪೊರೆಯನ್ನು ಮಾರುಕಟ್ಟೆಯಲ್ಲೇ ಪರೀಕ್ಷಿಸಲು ಅವಳು ವಿರಾಜಪೇಟೆಗೆ ಬಂದಳು. ಜೊತೆಗೆ ತಾಯಿ ಗೋಮತಿಯೂ ಬಂದರು. ಕೇರಳದ ಕಡೆಯಿಂದ ತರಿಸಿದ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪು ಮಾರುವ ಸುಮಿತ್ರಮ್ಮ ಮೂರು ಬುಟ್ಟಿಗಳಿಂದಲೂ ಒಂದೊಂದು ಹಿಡಿ ಕೊಟ್ಟರು.

ಎರಡನೇ ಬುಟ್ಟಿಯ ಸರದಿಯಲ್ಲಿ ಯಂತ್ರದ ಅಂಕಿ ಏರಿತು. ಹಂಸಿನಿ ಹೊಸ ಪೊರೆ ತೆಗೆದು ಮತ್ತೆ ನೋಡಿದಳು. ಮತ್ತೆ ಅದೇ. ಉಳಿದೆರಡು ಬುಟ್ಟಿಗಳಲ್ಲಿ ಅಂಕಿ ಏರಲಿಲ್ಲ.

"ಈ ಬುಟ್ಟಿ ಇವತ್ತು ಮಾರ್ಬೇಡಿ ಸುಮಿತ್ರಮ್ಮ."

"ಬೆಳಿಗ್ಗೆ ಬಂದ ಫ್ರೆಶ್ ಮಾಲು ಮಗಾ! ಇಪ್ಪತ್ತು ವರ್ಷದಿಂದ ಮಾರ್ತಾ ಇದ್ದೀನಿ, ಮೂಸಿದ್ರೆ ನಂಗೆ ಗೊತ್ತಾಗಲ್ವಾ?"

"ಮೂಸಿದ್ರೆ ಗೊತ್ತಾಗೋ ವಿಷ ಅಲ್ಲ ಇದು. ಮಂಗಳೂರಲ್ಲಿ ದೊಡ್ಡ ಮಿಷನ್‌ಗೆ ಹಾಕಿಸ್ತೀನಿ. ಅಲ್ಲೀತನಕ ತಡೀರಿ. ನಂದು ತಪ್ಪಾದ್ರೆ ಎಲ್ಲರ ಮುಂದೆ ಇಲ್ಲೇ ಒಪ್ಕೊಳ್ತೀನಿ."

ಸುಮಿತ್ರಮ್ಮ ಅವಳ ಮುಖವನ್ನೇ ನೋಡಿದರು. ತಮ್ಮ ಮನೆಗೆಂದು ಎತ್ತಿಟ್ಟಿದ್ದ ಚಿಪ್ಪೂ ಅದೇ ಬುಟ್ಟಿಯದು. ಅದನ್ನು ವಾಪಸು ಸುರಿದು, ಬುಟ್ಟಿಗೆ ಗೋಣಿ ಕಟ್ಟಿಬಿಟ್ಟರು.

ಹಂಸಿನಿ ಮೂರೂ ಬುಟ್ಟಿಗಳ ಮಾದರಿಯನ್ನು ಮಂಗಳೂರಿಗೆ ಕಳಿಸಿ, ಮಡಿಕೇರಿಯ ಮನೆಯಲ್ಲಿ ಎರಡು ದಿನ ಕಾದಳು. ಮೂರನೇ ದಿನ ಮಂಗಳೂರಿನಿಂದ ಫೋನು ಬಂತು: ಎರಡನೇ ಬುಟ್ಟಿಯಲ್ಲಿ ವಿಷವಿದೆ, ಮಿತಿಗಿಂತ ತುಸು ಹೆಚ್ಚು, ಉಳಿದೆರಡರಲ್ಲಿ ಇಲ್ಲ. ಪೊರೆ ಹೇಳಿದ್ದು ಮೂರಕ್ಕೆ ಮೂರೂ ಸರಿ.

ತಾಯಿ ಮಗಳು ಆಗಲೇ ವಿರಾಜಪೇಟೆಯ ಬಸ್ಸು ಹತ್ತಿದರು. ಸುದ್ದಿ ಕೇಳಿದ ಸುಮಿತ್ರಮ್ಮ ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದರು: "ನೋಡ್ರಪ್ಪಾ, ನನ್ನ ಮೂಗಿಗೆ ಸಿಗದ್ದು ಈ ಹುಡುಗಿ ಕೈಗೆ ಸಿಕ್ತು! ಇನ್ನು ಇವಳು ನೋಡ್ದೆ ನಾನು ಕಲ್ಲುಮ್ಮಕ್ಕಾಯಿ ಮಾರಲ್ಲ."

ಪಕ್ಕದಲ್ಲಿ ಚಿಪ್ಪು ಮಾರುತ್ತಿದ್ದ ಬೋಜ ಎದ್ದು ಬಂದ. "ಯಾರ ಮಗಳು ಇವ್ರು?"

ಹಂಸಿನಿ ಬಾಯಿ ತೆರೆಯುವ ಮೊದಲೇ ಗೋಮತಿ ಮುಂದೆ ಬಂದರು. "ನನ್ನ ಮಗಳು. ಆ ಪೊರೆ ಮಾಡಿದ್ದೂ ಅವಳೇ."

"ಹಾಗಾದ್ರೆ ನಂದೂ ನೋಡ್ಬಿಡಿ ಮೇಡಂ," ಎಂದು ಬೋಜ ತನ್ನ ಬುಟ್ಟಿಯನ್ನು ಎಳೆದು ತಂದ.